ಸಂಕರ್ಷಣ ರಾಯರ ಗ್ರಾನೋಲಾ ಫಲಾಹಾರ

ಸಂಕರ್ಷಣ ರಾಯರ ಕಿಡ್ನಿಗಳಿಗೆ ಅವರ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಒಮ್ಮಿಂದೊಮ್ಮೆಗೆ ಮಹತ್ವ ಬಂತು. ಅಲ್ಲಿಯ ತನಕ ಅವರ ದೇಹದ ಯಾವ ಭಾಗದ ಮೇಲೂ ಯಾರಿಗೂ ವಿಶೇಷ ಗೌರವ ಇರಲಿಲ್ಲ. ಠಾಣೆ ಪಟ್ಟಣದ ಬಣ್ಣದ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್. ಡೊಂಬಿವಲಿ ಪೂರ್ವದ ಹೌಸಿಂಗ್ ಸೊಸೈಟಿಯೊಂದರ ಮೂರನೆಯ ಮಹಡಿಯಲ್ಲಿ ವಾಸ. ಬೆಳಿಗ್ಗೆ ಲೋಕಲ್ ರೈಲು ಹತ್ತುವಾಗ ಮುಂದಿನವರ ಮೊಣಕೈ, ಸಂಜೆ ಇಳಿಯುವಾಗ ಹಿಂದಿನವರ ಮೊಣಕೈ. ಇಂಥ ಮನುಷ್ಯನ ಹೊಟ್ಟೆಯೊಳಗೆ ಒಂದು ಜೀವ ಉಳಿಸಬಲ್ಲ ವಸ್ತು ಇದೆಯೆಂದು ಯಾರು ತಾನೆ ಊಹಿಸಿಯಾರು?

ಊಹಿಸಬೇಕಾಗಿ ಬಂದದ್ದು ಅವರ ಹೆಂಡತಿ ಸತ್ಯಭಾಮಾ ಅವರಿಂದಾಗಿ. ಆಕೆಯ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿ ಎಂಟು ತಿಂಗಳಾಗಿತ್ತು. ವಾರಕ್ಕೆ ಮೂರು ದಿನ ಕಲ್ಯಾಣದ ಡಯಾಲಿಸಿಸ್ ಕೇಂದ್ರದಲ್ಲಿ ನಾಲ್ಕು ನಾಲ್ಕು ಗಂಟೆ ಮಲಗಿ, ಮೈಯ ರಕ್ತವನ್ನೆಲ್ಲ ಯಂತ್ರದೊಳಗೆ ಸುತ್ತಾಡಿಸಿಕೊಂಡು ಬರುತ್ತಿದ್ದರು. ದಿನಕ್ಕೆ ಮೂರು ಲೋಟಕ್ಕಿಂತ ಹೆಚ್ಚು ನೀರು ಕುಡಿಯುವ ಹಾಗಿಲ್ಲ. ಬಾಳೆಹಣ್ಣು, ತೆಂಗಿನಕಾಯಿ, ಗೋಡಂಬಿ, ಖರ್ಜೂರ ಮುಟ್ಟುವ ಹಾಗಿಲ್ಲ. ತರಕಾರಿಯನ್ನು ಎರಡು ಸಲ ಬೇಯಿಸಿ, ಎರಡು ಸಲವೂ ನೀರು ಚೆಲ್ಲಿ, ಉಳಿದ ಹಿಪ್ಪೆಯನ್ನು ತಿನ್ನಬೇಕು. ಉಡುಪಿ ಕಡೆಯ ಹೆಂಗಸಿಗೆ ತೆಂಗಿನಕಾಯಿ ಇಲ್ಲದೆ ಬದುಕು ಎಂದು ಹೇಳಿದ ಆ ಕಾಯಿಲೆಗೆ ಮಾನ ಮರ್ಯಾದೆ ಇರಲಿಲ್ಲ ಎಂದೇ ಹೇಳಬೇಕು.

ಠಾಣೆಯ ದೊಡ್ಡ ಆಸ್ಪತ್ರೆಯ ಡಾಕ್ಟರ್ ಮನೀಷ್ ಮೊದಲೇ ಹೇಳಿದ್ದರು: ಹೃದಯವೂ ಸೋಲುತ್ತಿದೆ, ಹೆಚ್ಚು ದಿನ ಯಂತ್ರವನ್ನು ನಂಬಿ ಕೂರುವ ಹಾಗಿಲ್ಲ, ಮನೆಯವರಲ್ಲಿ ಯಾರಾದರೂ ಕಿಡ್ನಿ ಕೊಡಬೇಕು. ಮಗಳು ಸುಮೇಧಾ ತಕ್ಷಣ ಕೈ ಎತ್ತಿದಳು; ಅವಳ ರಕ್ತದ ಗುಂಪು ಕೂಡಲಿಲ್ಲ. ಊರಲ್ಲಿದ್ದ ಸತ್ಯಭಾಮಾ ಅವರ ಇಬ್ಬರು ತಮ್ಮಂದಿರಲ್ಲಿ ಒಬ್ಬನಿಗೆ ಬಿ.ಪಿ.; ಇನ್ನೊಬ್ಬ ವಿಷಯ ತಿಳಿದ ದಿನದಿಂದ ಫೋನೇ ಎತ್ತುತ್ತಿಲ್ಲ. ಉಳಿದವರು ರಾಯರು. ಮದುವೆಯ ಕಾಲದಲ್ಲಿ ಇವರಿಬ್ಬರ ಜಾತಕದಲ್ಲಿ ಮೂವತ್ತಾರಕ್ಕೆ ಹದಿನೆಂಟೂವರೆ ಗುಣ ಕೂಡಿ ಬಂದದ್ದೇ ದೊಡ್ಡ ಮಾತಾಗಿತ್ತು. ರಕ್ತ ಮಾತ್ರ ಪೂರ್ತಿ ಕೂಡಿತ್ತು. ಅದನ್ನು ಆಗ ಯಾರೂ ನೋಡಿರಲಿಲ್ಲ.

"ನಿಮ್ಮ ಹೊಟ್ಟೆ ಕೊಯ್ಸಿ ನಾನು ಬದುಕ್ಬೇಕಾ? ಎಂತದೂ ಬೇಡ" ಎಂದರು ಸತ್ಯಭಾಮಾ.

"ಎಂತ ಮಾತು ಮಾರಾಯ್ತಿ ಇದು? ದೇವರು ಎರಡೆರಡು ಕೊಟ್ಟದ್ದು ಯಾಕೆ? ಒಂದು ನಿಂಗೆ ಅಂತ್ಲೇ ಕೊಟ್ಟದ್ದು. ನಾನು ಇಷ್ಟು ವರ್ಷ ಇಟ್ಕೊಂಡದ್ದು ಅಷ್ಟೆ" ಎಂದರು ರಾಯರು. ಈ ಮಾತನ್ನು ಅವರು ಮನಸಾರೆ ಹೇಳಿದ್ದರು. ರಾಯರ ಬಗ್ಗೆ ಮುಂದೆ ಏನೇನೋ ಹೇಳಬೇಕಾಗಿ ಬರುವುದರಿಂದ ಇದನ್ನು ಇಲ್ಲೇ ದಾಖಲಿಸಿಬಿಡುವುದು ನ್ಯಾಯ.

ಡಾಕ್ಟರ್ ಮನೀಷ್ ರಾಯರನ್ನು ಮೇಲಿಂದ ಕೆಳಗೆ ತಪಾಸಣೆ ಮಾಡಿಸಿದರು. ಕಿಡ್ನಿಗಳು ಚೆನ್ನಾಗಿದ್ದವು. ಆದರೆ ಶುಗರ್ ಗಡಿಯಲ್ಲಿ ನಿಂತಿತ್ತು, ಹೊಟ್ಟೆ ಗಡಿ ದಾಟಿತ್ತು. "ರಾವ್ ಸಾಹೇಬ್, ತೀನ್ ಮಹೀನಾ ದೇತಾ ಹೂಂ. ಛೇ ಕಿಲೋ ಕಮ್ ಕರೋ. ಮೀಠಾ ಬಂದ್, ಚಾವಲ್ ಆಧಾ, ರೋಜ್ ಚಲೋ, ಔರ್ ಹೆಲ್ದಿ ಖಾವೋ" ಎಂದರು. ಡಾಕ್ಟರು ಹೇಳಿದ ಇಷ್ಟು ಮಾತಿನಲ್ಲಿ ರಾಯರ ಕಿವಿಯೊಳಗೆ ಹೋಗಿ ಕೂತದ್ದು ಕೊನೆಯ ಎರಡೇ ಶಬ್ದ.

ಅವರು ಆಸ್ಪತ್ರೆಯಿಂದ ಮನೆಗೆ ತಲುಪುವ ಮೊದಲೇ ಸುದ್ದಿ ಸೊಸೈಟಿಗೆ ತಲುಪಿತ್ತು. ಸೆಕ್ರೆಟರಿ ಪಾಟಣಕರ್ ಬೆಳಗಿನ ಲೋಕಲ್‌ನಲ್ಲಿ ರಾಯರ ಎದುರು ಸೀಟಿನವನು. ಯಾವ ವಿಷಯಕ್ಕೂ ಸಭೆ ಕರೆಯದೆ ಬಿಡುವ ಪೈಕಿ ಅಲ್ಲ. ಭಾನುವಾರ ಗಣಪತಿ ಕೂರಿಸುವ ಜಾಗದಲ್ಲಿ ಕುರ್ಚಿ ಹಾಕಿಸಿ, ರಾಯರಿಗೆ ಶಾಲು ಹೊದಿಸಿ, ತೆಂಗಿನಕಾಯಿ ಕೈಗಿತ್ತು, "ರಾವ್ ಸಾಹೇಬ್ ಮ್ಹಣಜೇ ದೇವ ಮಾಣೂಸ್!" ಎಂದು ಮೈಕಿನಲ್ಲಿ ಸಾರಿದ. ದೇವರಂಥ ಮನುಷ್ಯ ಎಂದು ಮೈಕಿನಲ್ಲಿ ಹೇಳಿಸಿಕೊಂಡ ಮೇಲೆ ಸಾಮಾನ್ಯ ಮನುಷ್ಯನ ಹಾಗೆ ನಡೆದುಕೊಳ್ಳುವುದು ಬಹಳ ಕಷ್ಟ. ರಾಯರು ಮರುದಿನದಿಂದ ನಡೆಯುವಾಗ ಎರಡೂ ಕೈಯನ್ನು ಸೊಂಟದ ಹಿಂದೆ ಕಟ್ಟಿಕೊಂಡು ಕಿಡ್ನಿಗಳಿಗೆ ಕಾವಲು ಕೊಡತೊಡಗಿದರು. ಲೋಕಲ್‌ನಲ್ಲಿ ಯಾರಾದರೂ ಒತ್ತಿದರೆ, "ಅರೇ ಭಾಯಿ, ಸಂಭಾಲ್ ಕೇ, ಇದು ಇನ್ನೊಬ್ಬರದ್ದು" ಎಂದು ಎರಡು ಭಾಷೆಯಲ್ಲಿ ಗದರಿಸುತ್ತಿದ್ದರು. ದಿನಾ ನಡೆಯಬೇಕೆಂದು ಹೇಳಿದ್ದ ಡಾಕ್ಟರರ ಮಾತನ್ನು ಮಾತ್ರ, ವಸ್ತು ಅಲುಗಾಡಬಾರದು ಎಂಬ ಕಾರಣಕ್ಕೆ, ಕೈಬಿಟ್ಟರು.

ಗ್ರಾನೋಲಾ ಮನೆಯೊಳಗೆ ಬಂದದ್ದು ಮಗಳಿಂದ. ಸುಮೇಧಾ ಐರೋಲಿಯ ಐ.ಟಿ. ಪಾರ್ಕಿನಲ್ಲಿ ಕೆಲಸಕ್ಕಿದ್ದಳು. ಅಪ್ಪನ ಬೆಳಗಿನ ಆರು ಇಡ್ಲಿಯ ಬದಲಿಗೆ ಏನಾದರೂ ಇರಲಿ ಎಂದು, ಹುರಿದ ಓಟ್ಸ್ ಮತ್ತು ಒಣಹಣ್ಣು ಬೆರೆಸಿದ ಒಂದು ಪೊಟ್ಟಣ ತಂದಳು. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. "ಪಪ್ಪಾ, ಸಿರ್ಫ್ ತೀನ್ ಚಮಚ್, ದಹೀ ಕೇ ಸಾಥ್. ಉಸ್ಸೇ ಜ್ಯಾದಾ ನಹೀ" ಎಂದಳು. ಪೊಟ್ಟಣದ ಮುಂಬದಿಯಲ್ಲಿ ಓಡುತ್ತಿರುವ ತೆಳ್ಳಗಿನ ಗಂಡಸಿನ ಚಿತ್ರವಿತ್ತು, ಒಂದು ಕೆಂಪು ಹೃದಯವಿತ್ತು, ಹೆಲ್ದಿ ಎಂಬ ಶಬ್ದ ನಾಲ್ಕು ಕಡೆ ಇತ್ತು. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಸಕ್ಕರೆ ಎಷ್ಟು, ಜೇನು ಎಷ್ಟು, ಎಣ್ಣೆ ಎಷ್ಟು ಎಂದೂ ಇತ್ತು. ರಾಯರು ಮುಂಬದಿಯನ್ನು ಎರಡು ಸಲ ಓದಿದರು.

ಮೂರು ಚಮಚವನ್ನು ಅವರು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಕಾದರು. ಹೊಟ್ಟೆಯಿಂದ ಯಾವ ಪ್ರತಿಕ್ರಿಯೆಯೂ ಬರಲಿಲ್ಲ. "ಮೂರು ಚಮಚದಲ್ಲಿ ಕಿಡ್ನಿಗೆ ಎಂತ ಗೊತ್ತಾಗ್ತದೆ?" ಎಂದು ಬಟ್ಟಲು ತುಂಬ ಸುರಿದುಕೊಂಡರು. ಒಳ್ಳೆಯ ವಸ್ತು ಜಾಸ್ತಿ ತಿಂದರೆ ಜಾಸ್ತಿ ಒಳ್ಳೆಯದಾಗುತ್ತದೆ ಎಂಬುದು ಅವರ ಆಯುರ್ವೇದ. ವಾರವೊಪ್ಪತ್ತಿಗೆ ಬರಬೇಕಿದ್ದ ಪೊಟ್ಟಣ ಎರಡನೆಯ ದಿನ ಸಂಜೆ ಮುಗಿಯಿತು.

ಇಷ್ಟಕ್ಕೇ ನಿಂತಿದ್ದರೆ ಅನಾಹುತ ಆಗುತ್ತಿರಲಿಲ್ಲವೇನೋ. ಆದರೆ ಆ ವಾರ ಸತ್ಯಭಾಮಾ ಅವರ ಆರೋಗ್ಯಕ್ಕೆಂದು ಜಪ ಮಾಡಿಸಲು ಟಿಟ್ವಾಳಾದಿಂದ ರಘುಪತಿ ಭಟ್ಟರು ಬಂದರು, ಮತ್ತು ಪ್ರಕರಣ ವೈದ್ಯಶಾಸ್ತ್ರದಿಂದ ಧರ್ಮಶಾಸ್ತ್ರಕ್ಕೆ ವರ್ಗವಾಯಿತು.

ಇಲ್ಲಿ ರಾಯರ ಉಪವಾಸದ ಬಗ್ಗೆ ಒಂದು ಮಾತು ಹೇಳಬೇಕು. ಅವರ ಮನೆಯಲ್ಲಿ ಶನಿವಾರ ಒಪ್ಪೊತ್ತು. ಅಂದರೆ ರಾತ್ರಿ ಊಟವಿಲ್ಲ. ಅನ್ನವನ್ನು ಕಣ್ಣೆತ್ತಿ ನೋಡುವುದಿಲ್ಲ. ಬದಲಿಗೆ ಫಲಾಹಾರ: ಎಂಟು ದೋಸೆ, ಇಲ್ಲವೇ ಒಂದು ದೊಡ್ಡ ಬಟ್ಟಲು ಒಗ್ಗರಣೆ ಅವಲಕ್ಕಿ, ಮೇಲೆ ನಾಲ್ಕು ಬಾಳೆಹಣ್ಣು, ಹಾಲು. ತೇಗಿ ಎದ್ದ ಮೇಲೆ ಯಾರಾದರೂ ಊಟ ಆಯಿತೇ ಎಂದರೆ, "ಇವತ್ತು ಉಪವಾಸ" ಎನ್ನುತ್ತಾರೆ. ಇದರಲ್ಲಿ ಸುಳ್ಳು ಒಂದಿಷ್ಟೂ ಇಲ್ಲ. ಅವರ ತಂದೆ ಹೀಗೆಯೇ ಉಪವಾಸ ಮಾಡಿದರು, ಅಜ್ಜನೂ ಮಾಡಿದರು. ಅನ್ನ ತಿಂದರೆ ಊಟ; ಉಳಿದದ್ದೆಲ್ಲ ಫಲಾಹಾರ; ಫಲಾಹಾರ ಊಟದ ಲೆಕ್ಕಕ್ಕೆ ಬರುವುದಿಲ್ಲ.

ರಾಯರು ಹೊಸ ಪೊಟ್ಟಣ ಒಡೆದು ಭಟ್ಟರ ಮುಂದಿಟ್ಟರು. "ಭಟ್ರೇ, ಇದು ಅನ್ನದ ಹಾಗೆ ಮುಸುರೆಯಾ ಅಲ್ವಾ?"

ಭಟ್ಟರು ಒಂದು ಚಿಟಿಕೆ ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದರು. "ನೀರು ತಾಗಿದೆಯಾ?"

"ಇಲ್ಲ."

"ಬೇಯಿಸಿದ್ದಾ, ಹುರಿದದ್ದಾ?"

"ಹುರಿದದ್ದು. ಕಬ್ಬಿಣದ ಪೆಟ್ಟಿಗೆಯಲ್ಲಿ, ಮಿಷನ್‌ನಲ್ಲಿ."

"ಹಾಗಾದ್ರೆ ಮುಸುರೆ ಅಲ್ಲ" ಎಂದು ಭಟ್ಟರು ಚಿಟಿಕೆಯನ್ನು ಬಾಯಿಗೆ ಹಾಕಿದರು. "ಏಕಾದಶಿಗೆ ಆಗ್ಲಿಕ್ಕಿಲ್ಲ, ಧಾನ್ಯ ಉಂಟು. ಉಳಿದ ದಿನ ಫಲಾಹಾರಕ್ಕೆ ಧಾರಾಳ ಆಗ್ತದೆ."

"ಅಂದ್ರೆ ಊಟದ ಲೆಕ್ಕಕ್ಕೆ?"

"ಬರೋದಿಲ್ಲ ಮಾರಾಯ್ರೆ. ಹೇಗೆ ಬರ್ತದೆ?" ಎಂದು ಹೇಳಿ, ಸಂಶಯ ಉಳಿಯಬಾರದೆಂದು ಭಟ್ಟರು ಇನ್ನೊಂದು ಮುಷ್ಟಿ ತೆಗೆದುಕೊಂಡರು.

ಅಂದಿನಿಂದ ರಾಯರು ಬೆಳಿಗ್ಗೆ ಇಡ್ಲಿಯ ಜೊತೆ ಗ್ರಾನೋಲಾ, ಹನ್ನೊಂದಕ್ಕೆ ಕಾರ್ಖಾನೆಯಲ್ಲಿ ಗ್ರಾನೋಲಾ, ಮಧ್ಯಾಹ್ನ ಊಟವಾದ ಮೇಲೆ ಬಾಯಾಡಿಸಲು ಗ್ರಾನೋಲಾ, ಸಂಜೆ ಲೋಕಲ್‌ನಲ್ಲಿ ಗ್ರಾನೋಲಾ ತಿನ್ನತೊಡಗಿದರು. ಡಾಕ್ಟರ ಮಾತಿಗೆ ತಪ್ಪಬಾರದೆಂದು ಅನ್ನವನ್ನು ಮಾತ್ರ ನಿಷ್ಠೆಯಿಂದ ಅರ್ಧಕ್ಕೆ ಇಳಿಸಿದ್ದರು. ಆ ತ್ಯಾಗದ ಬಗ್ಗೆ ದಿನವೂ ಮಾತಾಡುತ್ತಿದ್ದರು.

ಅಂಗಡಿಯ ಪೊಟ್ಟಣ ಈ ವೇಗಕ್ಕೆ ಸಾಕಾಗಲಿಲ್ಲ. ಸತ್ಯಭಾಮಾ ಖಾಲಿ ಪೊಟ್ಟಣವನ್ನು ಮೂಸಿ ನೋಡಿ, "ಇದರಲ್ಲಿ ಎಂತ ದೊಡ್ಡ ವಿದ್ಯೆ ಉಂಟು? ನಾನೇ ಮಾಡ್ತೇನೆ" ಎಂದರು. ತನಗಾಗಿ ಹೊಟ್ಟೆ ಕೊಯ್ಯಿಸಿಕೊಳ್ಳಲು ಹೊರಟ ಗಂಡನಿಗೆ ತನ್ನಿಂದ ಇಷ್ಟಾದರೂ ಆಗಲಿ ಎಂಬ ಆಸೆ ಆ ಹೆಂಗಸಿಗೆ. ದೊಡ್ಡ ಬಾಣಲೆಗೆ ಊರಿನ ತುಪ್ಪ ಹಾಕಿ ಓಟ್ಸ್ ಹುರಿದರು. ಗೋಡಂಬಿ, ಬಾದಾಮಿ, ಒಣಕೊಬ್ಬರಿ, ಖರ್ಜೂರ, ಎಳ್ಳು ಹಾಕಿದರು. ಸಕ್ಕರೆ ಒಂದು ಕಾಳೂ ಹಾಕಲಿಲ್ಲ, ಡಾಕ್ಟರು ಬೇಡ ಎಂದಿದ್ದರಲ್ಲ. ಅದರ ಬದಲು ಒಳ್ಳೆಯ ಬೆಲ್ಲದ ಪಾಕ ತೆಗೆದು ಸುರಿದರು. ಡಯಾಲಿಸಿಸ್ಸಿನ ಸೂಜಿಗೆಂದು ಎಡಗೈಯಲ್ಲಿ ಮಾಡಿಸಿದ ನರದ ಉಬ್ಬು ಮಗುಚುವಾಗ ನೋಯುತ್ತಿತ್ತು, ಬಲಗೈಯಿಂದಲೇ ಮಗುಚಿದರು. ಇದರಲ್ಲಿ ಒಂದು ಚೂರನ್ನೂ ಬಾಯಿಗೆ ಹಾಕುವ ಹಾಗಿಲ್ಲದ್ದರಿಂದ ಪರಿಮಳ ನೋಡಿಯೇ ಹದ ಹಿಡಿಯುತ್ತಿದ್ದರು. ಹದ ಒಮ್ಮೆಯೂ ತಪ್ಪಲಿಲ್ಲ.

ಪಾತ್ರೆ ತೊಳೆಯಲು ಬರುವ ಭೀಮಮ್ಮ ಕಲಬುರಗಿ ಕಡೆಯವಳು. ಬಾಗಿಲಲ್ಲೇ ನಿಂತು ಮೂಗು ಅರಳಿಸಿದಳು. "ಏನ್ ಘಮಾ ಬರಾಕತ್ತದ ಅಕ್ಕೋರ! ಯಾರ ಹಡದಾರ್ರಿ?"

"ಯಾರೂ ಹೆರ್ಲಿಲ್ಲ. ಇದು ಗ್ರಾನೋಲಾ, ನಮ್ಮವರಿಗೆ."

ಭೀಮಮ್ಮ ಬಾಣಲೆಯೊಳಗೆ ಇಣುಕಿದಳು. "ಗ್ರಾನೋಲಾ ಎಲ್ಲಿಂದ ಬಂತ್ರಿ? ಇದು ಅಂಟಿನುಂಡಿ. ನಮ್ಮ ಕಡಿ ಬಾಣಂತಿಗಿ ಮೈ ತುಂಬ್ಲಿ ಅಂತ ಕೊಡ್ತಾರ. ನೀವು ಉಂಡಿ ಕಟ್ಟಿಲ್ಲ, ಅಷ್ಟ."

ಹೊರಗೆ ಕೂತಿದ್ದ ರಾಯರಿಗೆ ಇದು ಅವಮಾನವೆನಿಸಿತು. "ಭೀಮಮ್ಮಾ, ನಿಂಗೆ ಗೊತ್ತಾಗುದಿಲ್ಲ. ಇದು ಅಮೆರಿಕದ ತಿಂಡಿ" ಎಂದರು.

"ಹಂಗಾದ್ರ ಅಮೆರಿಕದಾಗ ಗಂಡಸ್ರೂ ಹಡೀತಾರೇನ್ರಿ ಸಾಹೇಬ್ರ?" ಎಂದು ಭೀಮಮ್ಮ ಪಾತ್ರೆ ಎತ್ತಿಕೊಂಡು ಹೋದಳು. ಆ ಇಡೀ ಮೂರು ತಿಂಗಳಲ್ಲಿ ಗ್ರಾನೋಲಾದ ಬಗ್ಗೆ ಆ ಮನೆಯಲ್ಲಿ ಯಾರಾದರೂ ಬುದ್ಧಿ ಇಟ್ಟು ಆಡಿದ ಮಾತು ಅದೊಂದೇ. ಪಾತ್ರೆ ತೊಳೆಯುವವಳ ಮಾತಾದ್ದರಿಂದ ಗಂಡ ಹೆಂಡತಿ ಇಬ್ಬರೂ ನಕ್ಕು ಸುಮ್ಮನಾದರು.

ತಡೆಯಬಹುದಾಗಿದ್ದ ಸುಮೇಧಾಳನ್ನು ಕಂಪನಿಯವರು ಎರಡು ತಿಂಗಳ ಮಟ್ಟಿಗೆ ಪುಣೆಗೆ ಕಳಿಸಿದ್ದರು. ದಿನಾ ಸಂಜೆ ಫೋನು ಮಾಡಿ ಕೇಳುತ್ತಿದ್ದಳು. ರಾಯರು, "ಅನ್ನ ಅರ್ಧ ಮಾಡಿದ್ದೇನೆ ಮಗಾ, ಗ್ರಾನೋಲಾ ತಿಂತಿದ್ದೇನೆ" ಎನ್ನುತ್ತಿದ್ದರು. "ವೆರಿ ಗುಡ್ ಪಪ್ಪಾ" ಎನ್ನುತ್ತಿದ್ದಳು ಆಕೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು.

ಇತ್ತ ಗ್ರಾನೋಲಾ ಸೊಸೈಟಿಯನ್ನು ಹೊಕ್ಕಿತು. ಲೋಕಲ್‌ನಲ್ಲಿ ರಾಯರ ಡಬ್ಬಿಯಿಂದ ಒಂದು ಮುಷ್ಟಿ ತಿಂದ ಪಾಟಣಕರ್ ಅದೇ ದಿನ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಬರೆದ. ಎರಡನೆಯ ಮಹಡಿಯವರು ಇದು ಹೃದಯಕ್ಕೆ ಅಮೃತ ಎಂದರು. ಐದನೆಯ ಮಹಡಿಯ ಮೇಷ್ಟರು ಕುದುರೆಗೆ ಹಾಕುವ ಕಾಳನ್ನು ಮನುಷ್ಯರು ತಿನ್ನಬಾರದು ಎಂದರು. ಅದಕ್ಕೆ ಯಾರೋ ಕುದುರೆಗೆ ಶುಗರ್ ಬಂದದ್ದು ಎಲ್ಲಾದರೂ ಕೇಳಿದ್ದೀರಾ ಎಂದು ಉತ್ತರ ಬರೆದರು. ಕೊನೆಗೆ ಪಾಟಣಕರ್ ಒಂದು ಭಾನುವಾರ ಎಲ್ಲರನ್ನೂ ಕೂರಿಸಿ, ಗ್ರಾನೋಲಾ ಆರೋಗ್ಯಕ್ಕೆ ಒಳ್ಳೆಯದೇ ಅಲ್ಲವೇ ಎಂಬುದರ ಬಗ್ಗೆ ರಾಯರಿಂದಲೇ ಭಾಷಣ ಮಾಡಿಸಿದ. ರಾಯರು ಎದ್ದು ನಿಂತು, ಪ್ಯಾಂಟನ್ನು ಎರಡೂ ಕೈಯಿಂದ ಮೇಲೆಳೆದುಕೊಂಡು, "ನನ್ನನ್ನೇ ನೋಡಿ" ಎಂದರು. ಎಲ್ಲರೂ ನೋಡಿದರು. ಮುಖ ತುಂಬಿಕೊಂಡಿತ್ತು, ಕೆನ್ನೆ ಹೊಳೆಯುತ್ತಿತ್ತು. ಚಪ್ಪಾಳೆ ಬಿತ್ತು.

ಪ್ಯಾಂಟು ಬಿಗಿಯಾದದ್ದು ರಾಯರ ಗಮನಕ್ಕೆ ಬಂದಿರಲಿಲ್ಲ ಎಂದಲ್ಲ. ಇಸ್ತ್ರಿಯವನು ಬಟ್ಟೆ ಸುಟ್ಟು ಕುಗ್ಗಿಸುತ್ತಿದ್ದಾನೆ ಎಂದು ಅವನನ್ನು ಬದಲಿಸಿದರು. ಔಷಧಿ ಅಂಗಡಿಯ ತೂಕದ ಯಂತ್ರ ಎರಡು ಕಿಲೋ ಜಾಸ್ತಿ ತೋರಿಸಿತು. ಚಪ್ಪಲಿ ಬಿಚ್ಚಿ ನಿಂತರು, ಆಮೇಲೆ ಕನ್ನಡಕ ತೆಗೆದು ನಿಂತರು, ಆಮೇಲೆ ಯಂತ್ರ ಕೆಟ್ಟಿದೆ ಎಂದು ಅಂಗಡಿಯವನಿಗೆ ಬುದ್ಧಿ ಹೇಳಿ ಬಂದರು. ಮಧ್ಯಾಹ್ನ ಗೋದಾಮಿನಲ್ಲಿ ಕಣ್ಣು ಎಳೆಯುತ್ತಿತ್ತು, ಬಾಯಿ ಒಣಗುತ್ತಿತ್ತು, ಗಂಟೆಗೊಮ್ಮೆ ಮೂತ್ರಕ್ಕೆ ಓಡಬೇಕಾಗುತ್ತಿತ್ತು. "ಕಿಡ್ನಿ ಎಷ್ಟು ಚುರುಕಾಗಿದೆ ನೋಡು ಸತ್ಯಾ" ಎಂದು ಮನೆಗೆ ಬಂದು ಹೆಮ್ಮೆಯಿಂದ ಹೇಳಿದರು. ದಿನಕ್ಕೆ ಮೂರು ಲೋಟ ನೀರಿನಲ್ಲಿ ಬದುಕುತ್ತಿದ್ದ ಸತ್ಯಭಾಮಾ, ಗಂಡ ತಂಬಿಗೆಗಟ್ಟಲೆ ನೀರು ಕುಡಿಯುವುದನ್ನು ನೋಡುತ್ತ, ಆ ಕಿಡ್ನಿ ತನ್ನ ಹೊಟ್ಟೆಗೆ ಬಂದ ದಿನ ತಾನೂ ಹೀಗೆಯೇ ಕುಡಿಯಬಹುದು ಎಂದುಕೊಂಡರು. ಆಕೆಗೆ ಬದುಕಬೇಕು ಎಂಬ ಆಸೆ ಇತ್ತು. ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

ಮೂರು ತಿಂಗಳು ಮುಗಿದು ಪರೀಕ್ಷೆಯ ದಿನ ಬಂತು. ಹಿಂದಿನ ದಿನ ಆಸ್ಪತ್ರೆಯಿಂದ ಫೋನು ಬಂದಿತ್ತು: ರಾತ್ರಿ ಊಟವಾದ ಮೇಲೆ ಏನೂ ತಿನ್ನದೆ, ಪೂರ್ತಿ ಉಪವಾಸದಲ್ಲಿ ಬರಬೇಕು. "ಅದೆಂತ ದೊಡ್ಡ ವಿಷಯ? ನಮ್ಮ ಮನೆಯಲ್ಲಿ ಹುಟ್ಟಿದಾಗಿಂದ ಉಪವಾಸವೇ" ಎಂದರು ರಾಯರು. ಬೆಳಿಗ್ಗೆ ಐದಕ್ಕೆ ಎದ್ದು, ಸ್ನಾನ ಮಾಡಿ, ಸಂಧ್ಯಾವಂದನೆ ಮುಗಿಸಿದರು. ಕಾಫಿ ಕುಡಿಯಲಿಲ್ಲ, ಇಡ್ಲಿ ಮುಟ್ಟಲಿಲ್ಲ. "ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದ್ರೆ ತಲೆ ತಿರುಗ್ತದೆ, ಸ್ವಲ್ಪ ಫಲಾರ ಮಾಡಿ" ಎಂದು ಸತ್ಯಭಾಮಾ ಗ್ರಾನೋಲಾದ ಬಟ್ಟಲಿಗೆ ಹಾಲು ಸುರಿದು ಕೊಟ್ಟರು. ರಾಯರು ಫಲಾಹಾರ ಮಾಡಿದರು. ದಾರಿಗೆ ಇರಲಿ ಎಂದು ಒಂದು ಡಬ್ಬಿಯೂ ಚೀಲಕ್ಕೆ ಬಿತ್ತು. ಮುಂಬ್ರಾ ದಾಟುವಷ್ಟರಲ್ಲಿ ಅದರಲ್ಲಿ ಅರ್ಧ ಖಾಲಿಯಾಗಿತ್ತು.

ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಹುಡುಗಿ ಖಾಲಿ ಹೊಟ್ಟೆಯೇ ತಾನೆ ಎಂದು ಕೇಳಿದಳು, "ಕಾಕಾ, ಉಪಾಶೀ ಆಹಾತ್ ನಾ? ಕಾಹೀ ಖಾಲ್ಲಂ ನಾಹೀ ನಾ?"

"ಏಕದಂ ಕಡಕ್ ಉಪವಾಸ!" ಎಂದು ರಾಯರು ತೋಳು ಮಡಚಿ ಕೊಟ್ಟರು.

ಸಂಜೆ ನಾಲ್ಕಕ್ಕೆ ಡಾಕ್ಟರ್ ಮನೀಷ್ ಕಾಗದಗಳನ್ನು ಮುಂದಿಟ್ಟುಕೊಂಡು ಕೂತಿದ್ದರು. ಪುಣೆಯಿಂದ ನೇರವಾಗಿ ಬಂದಿದ್ದ ಸುಮೇಧಾ ಅಮ್ಮನ ಪಕ್ಕದಲ್ಲಿದ್ದಳು. ಡಾಕ್ಟರು ಒಂದು ಸಲ ಕಾಗದ ನೋಡಿದರು, ಒಂದು ಸಲ ರಾಯರನ್ನು ನೋಡಿದರು. ತೂಕ ಆರು ಕಿಲೋ ಇಳಿಯುವ ಬದಲು ಐದು ಕಿಲೋ ಏರಿತ್ತು. ಖಾಲಿ ಹೊಟ್ಟೆಯ ಶುಗರ್ ಇನ್ನೂರ ಮೂವತ್ತೊಂದು.

"ರಾವ್ ಸಾಹೇಬ್, ಆಪ್ ಖಾತೇ ಕ್ಯಾ ಹೈ?"

ರಾಯರು ಎದೆಯುಬ್ಬಿಸಿ ಒಪ್ಪಿಸಿದರು. ಬೆಳಿಗ್ಗೆ ಆರರ ಬದಲು ನಾಲ್ಕೇ ಇಡ್ಲಿ, ಮಧ್ಯಾಹ್ನ ಅರ್ಧ ಅನ್ನ, ರಾತ್ರಿ ಅರ್ಧ ಅನ್ನ, ಶನಿವಾರ ಅದೂ ಇಲ್ಲ. ಮೀಠಾ ಪೂರಾ ಬಂದ್.

"ಬಸ್? ಔರ್ ಕುಛ್ ನಹೀ?"

"ಔರ್ ಕುಛ್ ನಹೀ."

ಡಾಕ್ಟರು ತಲೆ ಕೆರೆದುಕೊಂಡರು. ಇಷ್ಟು ಕಡಿಮೆ ತಿಂದು ಇಷ್ಟು ಏರಿಸುವ ಮನುಷ್ಯನ ಬಗ್ಗೆ ಅವರ ಪುಸ್ತಕಗಳು ಹೇಳಿರಲಿಲ್ಲ. ತನ್ನ ಮಾತನ್ನು ನಂಬುತ್ತಿಲ್ಲ ಎಂದು ರಾಯರಿಗೆ ನೋವಾಯಿತು. "ಆಪ್ ನೇ ಬೋಲಾ ಥಾ ನಾ, ಹೆಲ್ದಿ ಖಾವೋ? ದೇಖೋ, ಹೆಲ್ದಿ ಭೀ ಖಾತಾ ಹೂಂ" ಎಂದು ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರು ಮುಚ್ಚಳ ತೆಗೆದರು. ಕೋಣೆಯಲ್ಲೆಲ್ಲ ಬೆಲ್ಲದ ಪಾಕದ ಪರಿಮಳ ಹಬ್ಬಿತು. ಒಂದು ಚೂರು ಬಾಯಿಗೆ ಹಾಕಿಕೊಂಡು, "ಲಡ್ಡೂ?" ಎಂದರು.

"ಗ್ರಾನೋಲಾ!"

"ಕಿತನಾ ಖಾತೇ ಹೋ?"

"ದಿನಕ್ಕೆ ನಾಲ್ಕು ಬಟ್ಟಲು" ಎಂದರು ಸತ್ಯಭಾಮಾ. ಸುಳ್ಳು ಹೇಳಿ ಆಕೆಗೆ ಅಭ್ಯಾಸವಿರಲಿಲ್ಲ.

ಸುಮೇಧಾ ಕುರ್ಚಿಯಿಂದ ಎದ್ದೇಬಿಟ್ಟಳು. "ಚಾರ್ ಬೌಲ್? ಪಪ್ಪಾ! ಮೈ ನೇ ತೀನ್ ಚಮಚ್ ಬೋಲಾ ಥಾ!"

"ಔರ್ ಆಜ್ ಕಬ್ ಖಾಯಾ?" ಎಂದರು ಡಾಕ್ಟರು ಮೆಲ್ಲಗೆ.

"ಸುಬಹ್ ಘರ್ ಮೇ ಏಕ್ ಬೌಲ್, ಬಾದ್ ಮೇ ಗಾಡಿ ಮೇ" ಎಂದರು ರಾಯರು.

"ಬ್ಲಡ್ ದೇನೇ ಸೇ ಪಹಲೇ? ಉಪವಾಸ್ ಮೇ?"

"ಉಪವಾಸದಲ್ಲಿ ಫಲಾಹಾರ ಆಗ್ತದೆ ಡಾಕ್ಟ್ರೆ" ಎಂದು ರಾಯರು ಸಮಾಧಾನದಿಂದ ತಿಳಿಹೇಳಿದರು. "ಮುಸುರೆ ಆಗ್ಬಾರದು ಅಷ್ಟೆ. ಬೇಕಾದ್ರೆ ರಘುಪತಿ ಭಟ್ರನ್ನು ಕೇಳಿ."

ಸುಮೇಧಾ ಅದನ್ನು ಹಿಂದಿಗೆ ತಿರುಗಿಸಿ ಹೇಳುವಷ್ಟರಲ್ಲಿ ಡಾಕ್ಟರ್ ಮನೀಷ್ ನಕ್ಕುಬಿಟ್ಟರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕದ್ದು ನೋಡಿ ಸುಮೇಧಾ ನಕ್ಕಳು. ಏನೆಂದು ತಿಳಿಯದೆ ಸತ್ಯಭಾಮಾ ನಕ್ಕರು. ಕೊನೆಗೆ ರಾಯರೂ ನಕ್ಕರು. ಹಾಗಾದರೆ ಬೆಳಗಿನ ಪರೀಕ್ಷೆಯೇ ಸುಳ್ಳು! ಇನ್ನೂರ ಮೂವತ್ತೊಂದು ಎಂಬುದು ಬರೀ ಫಲಾಹಾರದ ಲೆಕ್ಕ! ನಾಳೆ ನಿಜವಾದ ಖಾಲಿ ಹೊಟ್ಟೆಯಲ್ಲಿ ಬಂದರಾಯಿತು. ಆ ಒಂದು ನಿಮಿಷ ಆ ಕೋಣೆಯಲ್ಲಿ ಎಲ್ಲರಿಗೂ ಬಹಳ ಸಂತೋಷವಾಗಿತ್ತು.

ಆಮೇಲೆ ಡಾಕ್ಟರು ಎರಡನೆಯ ಕಾಗದ ತೆಗೆದರು. ನಗು ನಿಂತಿತು. ಅದು ಇನ್ನೊಂದು ಪರೀಕ್ಷೆ. ಹಿಂದಿನ ಮೂರು ತಿಂಗಳು ರಕ್ತದಲ್ಲಿ ಶುಗರ್ ಹೇಗಿತ್ತು ಎಂದು ಹೇಳುವಂಥದ್ದು. ಅದಕ್ಕೆ ಅಂದಿನ ಬೆಳಗಿನ ಬಟ್ಟಲಿನ ಹಂಗಿಲ್ಲ. ಮೂರು ತಿಂಗಳ ಹಿಂದೆ ಗಡಿಯಲ್ಲಿದ್ದದ್ದು ಈಗ ಗಡಿಯಿಂದ ಬಹಳ ಆಚೆ ಹೋಗಿತ್ತು.

ಡಾಕ್ಟರು ನಿಧಾನವಾಗಿ, ಒಂದೊಂದೇ ಮಾತು ತೂಗಿ ಹೇಳಿದರು. ರಾಯರಿಗೆ ಸಕ್ಕರೆ ಕಾಯಿಲೆ ಬಂದಿದೆ. ಸಕ್ಕರೆ ಕಾಯಿಲೆಯವರ ಕಿಡ್ನಿಯನ್ನು ತಾವು ತೆಗೆಯುವುದಿಲ್ಲ. ಉಳಿದ ಒಂದೂ ನಾಳೆ ಹಾಳಾದರೆ ಇವರು ಹೆಂಡತಿಯ ಪಕ್ಕದ ಮಂಚದಲ್ಲಿ ಮಲಗಬೇಕಾಗುತ್ತದೆ.

"ಇನ್ನು ಮೂರು ತಿಂಗಳು ಕೊಡಿ ಡಾಕ್ಟ್ರೆ. ಒಂದು ತುತ್ತು ತಿನ್ನುದಿಲ್ಲ. ನೀರು ಸಹ ಕುಡಿಯುದಿಲ್ಲ" ಎಂದರು ರಾಯರು. ಅವರ ಧ್ವನಿ ಕೋಣೆಯ ಹೊರಗೆ ಕೂತವರಿಗೂ ಕೇಳಿಸಿತು.

ಡಾಕ್ಟರು ಸತ್ಯಭಾಮಾ ಅವರ ಹೃದಯದ ಹೊಸ ವರದಿಯನ್ನು ತಿರುಗಿಸಿ ಮುಂದಿಟ್ಟರು. ಮೂರು ತಿಂಗಳು ಎಂದದ್ದು ನಿಮ್ಮ ಹೊಟ್ಟೆಗಾಗಿ ಅಲ್ಲ ರಾವ್ ಸಾಹೇಬ್, ಇವರ ಹೃದಯಕ್ಕಾಗಿ, ಎಂದರು. ಅಷ್ಟು ದಿನ ಅದು ತಡೆದುಕೊಂಡೀತು ಎಂದು ಲೆಕ್ಕ ಹಾಕಿದ್ದೆ. ಅಷ್ಟು ದಿನ ತಡೆದುಕೊಂಡಿದೆ. ಸತ್ತವರ ಕಿಡ್ನಿಗೆ ಕಾಯುವವರ ಪಟ್ಟಿಯಲ್ಲಿ ಹೆಸರು ಇದ್ದೇ ಇದೆ. ಅಲ್ಲಿ ಸರದಿ ಬರಲು ವರ್ಷಗಳು ಬೇಕು. ಇಷ್ಟು ಹೇಳಿ ಅವರು ಡಬ್ಬಿಯ ಮುಚ್ಚಳ ಹಾಕಿದರು.

ಸತ್ಯಭಾಮಾ ಮಗಳ ಕಡೆ ತಿರುಗಿ, "ಇವರಿಗೆ ಇನ್ನು ಮೇಲೆ ಊಟಕ್ಕೆ ಎಂತ ಕೊಡ್ಬೇಕು ಅಂತ ಕೇಳು. ಸರಿಯಾಗಿ ಬರ್ಕೋ" ಎಂದರು.

ಮರುದಿನ ಬೆಳಿಗ್ಗೆ ಪಾಟಣಕರ್ ಬಂದ. ಸುದ್ದಿ ಆಗಲೇ ಗ್ರೂಪಿನಲ್ಲಿ ಹರಿದಾಡಿತ್ತು. ಬಾಗಿಲಲ್ಲೇ ನಿಂತು, ಚಪ್ಪಲಿಯನ್ನು ನೋಡುತ್ತ, ವಾಯೀಟ್ ಝಾಲಂ, ಬಹಳ ಕೆಟ್ಟದ್ದಾಯಿತು ಎಂದು ಹೇಳಿ, "ರಾವ್ ಸಾಹೇಬ್, ಸಬ್ ಲೋಗ್ ಪೂಛ್ ರಹೇ ಹೈ... ಗ್ರಾನೋಲಾ ಚಾಲೂ ಠೇವಾಯಚಾ ಕೀ ಬಂದ್?" ಎಂದು ಕೇಳಿದ. ಇಡೀ ಸೊಸೈಟಿಗೆ ಬೇಕಾಗಿದ್ದದ್ದು ಆ ಉತ್ತರ. ಸುಮೇಧಾ ಬಂದು ಬಾಗಿಲು ಹಾಕಿದಳು.

ಅಡುಗೆಮನೆಯಲ್ಲಿ ಸತ್ಯಭಾಮಾ ತರಕಾರಿ ಹೆಚ್ಚುತ್ತಿದ್ದರು. ಅರ್ಧ ತನಗೆ, ಎರಡು ಸಲ ನೀರು ಚೆಲ್ಲುವ ಪಾತ್ರೆಗೆ. ಅರ್ಧ ಗಂಡನಿಗೆ, ಬೇರೆ ಪಾತ್ರೆಗೆ. ರಾಯರು ಬಾಗಿಲ ದಾರಂದ ಹಿಡಿದು ನಿಂತರು. ಹೇಳಬೇಕಾದದ್ದು ಬಹಳ ಇತ್ತು, ರಾತ್ರಿಯಿಡೀ ಜೋಡಿಸಿಟ್ಟುಕೊಂಡಿದ್ದರು.

"ಸತ್ಯಾ, ನಾನೇ ನಿನ್ನನ್ನು ಕೊಂದೆ" ಎಂದರು.

"ಮಾಡಿ ಕೊಟ್ಟದ್ದು ನಾನು" ಎಂದರು ಸತ್ಯಭಾಮಾ, ತಲೆಯೆತ್ತದೆ. "ಇಬ್ಬರೂ ಸೇರಿ ಮಾಡಿದ್ದು. ಒಬ್ಬರೇ ಹೊತ್ಕೊಳ್ಳುದು ಬೇಡ."

"ಇನ್ನು ಅಡುಗೆ ನೀನು ಮಾಡುದು ಬೇಡ. ನಾನು ಮಾಡ್ತೇನೆ."

ಸತ್ಯಭಾಮಾ ಚಾಕು ಕೆಳಗಿಟ್ಟರು. "ಹೌದು, ನೀವು ಕಲೀಲೇಬೇಕು" ಎಂದರು. "ಸುಮೇಧಾ ಎಷ್ಟು ದಿನ ಮಾಡ್ತಾಳೆ? ಅವಳಿಗೂ ಒಂದು ಮನೆ ಆಗ್ಬೇಕು. ಬನ್ನಿ, ನಾನು ಕೂತು ಹೇಳ್ತೇನೆ. ಹೇಳ್ಲಿಕ್ಕೆ ಆಗುವಷ್ಟು ದಿನ ಹೇಳ್ತೇನೆ. ನಾಳೆ ಡಯಾಲಿಸಿಸ್ ಉಂಟು, ನಾಳೆಯ ಪಾಠವನ್ನೂ ಇವತ್ತೇ ಮುಗಿಸ್ಬೇಕು."

ರಾಯರು ಒಂದು ಸ್ಟೂಲ್ ಎಳೆದು ಹೆಂಡತಿಯನ್ನು ಕೂರಿಸಿದರು. ಒಲೆ ಹಚ್ಚಿದರು, ಮೂರನೆಯ ಸಲಕ್ಕೆ ಹತ್ತಿತು. ಬಾಣಲೆಗೆ ಎಣ್ಣೆ ಬಿಟ್ಟರು. "ಜಾಸ್ತಿ ಆಯ್ತು, ಅರ್ಧ ತೆಗೀರಿ. ಈಗ ಸಾಸಿವೆ" ಎಂದರು ಸತ್ಯಭಾಮಾ. ಇಪ್ಪತ್ತೆರಡು ವರ್ಷದಿಂದ ಆ ಮನೆಯಲ್ಲಿದ್ದರೂ ಸಾಸಿವೆ ಎಲ್ಲಿದೆಯೆಂದು ರಾಯರಿಗೆ ತಿಳಿದಿರಲಿಲ್ಲ. ಒಂದು ಡಬ್ಬಿ ತೆರೆದರು, ಮೆಂತ್ಯ. ಇನ್ನೊಂದು ತೆರೆದರು, ಓಮ. "ಅದಲ್ಲ. ಅದರ ಪಕ್ಕದ್ದು. ಪ್ರತಿ ಸಲ ಕೇಳಿದ್ರೆ ಹೇಳ್ಲಿಕ್ಕೆ ನಾನು ಇರ್ತೇನಾ? ಈಗ್ಲೇ ನೋಡಿಟ್ಕೊಳ್ಳಿ" ಎಂದರು ಆಕೆ.

ರಾಯರು ಪಕ್ಕದ ಡಬ್ಬಿಗೆ ಕೈ ಹಾಕಿದರು. ಅದರ ಮುಚ್ಚಳ ಅವರಿಗೆ ಕಾಣಿಸಲಿಲ್ಲ. ಕಣ್ಣು ತುಂಬಿ ಹರಿಯುತ್ತಿತ್ತು. ಬಾಣಲೆಯಿಂದ ಹೊಗೆ ಏಳತೊಡಗಿತು.

"ಅಳುದಾದ್ರೆ ಒಲೆ ಸಣ್ಣ ಮಾಡಿ ಅಳಿ" ಎಂದರು ಸತ್ಯಭಾಮಾ. "ಎಣ್ಣೆ ಸುಟ್ಟು ಹೋಗ್ತದೆ."

ರಾಯರು ಒಲೆ ಸಣ್ಣ ಮಾಡಿದರು.